ನದಿಯ ಖಾತೆಯಲ್ಲಿ ಶಿಲ್ಕು ಎಷ್ಟು?

(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ನಾವು ನಾಲ್ಕು ಜನ ಸೇರಿದರೆ ನದಿಗಳ ಹೆಸರು ಬಾರದೆ ಇರುವುದಿಲ್ಲ. ಕಾವೇರಿ, ಕೃಷ್ಣೆ, ತುಂಗಭದ್ರೆ, ಶರಾವತಿ, ನೇತ್ರಾವತಿ ಎಂದು ಸ್ವಾಗತ ಭಾಷಣದಲ್ಲಿಯೂ ಹಾಡಿನಲ್ಲಿಯೂ ಅವುಗಳನ್ನು ನೆನೆಯುತ್ತೇವೆ. ಅದು ಸಹಜವೇ. ತವರಿನ ನೀರನ್ನು ಮರೆತವರುಂಟೆ? ಆದರೆ ಈ ಸಂಜೆ ನಾನು ಹೇಳಹೊರಟಿರುವುದು ಆ ಪಟ್ಟಿಯಲ್ಲಿ ಎಂದೂ ಸೇರದ ಒಂದು ನದಿಯ ಮಾತು. ನಮ್ಮಲ್ಲಿ ಎಷ್ಟೋ ಮಂದಿ ಅದನ್ನು ದಿನಕ್ಕೆ ಎರಡು ಸಲ ದಾಟುತ್ತೇವೆ. ಲೋಕಲ್ ಗಾಡಿ ಮಾಹೀಮ್ ಬಿಟ್ಟು ಬಾಂದ್ರಾ ಸೇರುವ ಮುನ್ನ ಒಂದು ಸೇತುವೆ ಬರುತ್ತದೆ. ಆಗ ಡಬ್ಬಿಯಲ್ಲಿರುವವರು ಮಾತು ನಿಲ್ಲಿಸಿ ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ಕೆಳಗಿರುವುದು ಗಟಾರವೆಂದೇ ಬಹುಮಂದಿಯ ತಿಳಿವಳಿಕೆ. ಅದು ಗಟಾರವಲ್ಲ, ನದಿ. ಅದರ ಹೆಸರು ಮಿಠಿ. ಆ ಶಬ್ದವನ್ನು ಹಿಂದಿಯವರು ಕೇಳಿದರೆ ‘ಸಿಹಿ’ ಎನ್ನುತ್ತಾರೆ, ಮರಾಠಿಯವರು ಕೇಳಿದರೆ ‘ಅಪ್ಪುಗೆ’ ಎನ್ನುತ್ತಾರೆ. ಎರಡು ಅರ್ಥಕ್ಕೂ ಇಂದು ಅದು ದೂರವಾಗಿದೆ.

ನಾನು ವಿಜ್ಞಾನ ಓದಿದವನಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜಮಾ-ಖರ್ಚು ಬರೆಯುವವನು. ಆದುದರಿಂದ ನದಿಯ ವಿಷಯವನ್ನೂ ನನಗೆ ಬಲ್ಲ ಲೆಕ್ಕದ ಭಾಷೆಯಲ್ಲಿಯೇ ಹೇಳುತ್ತೇನೆ. ಅದು ಆ ಭಾಷೆಗೆ ಚೆನ್ನಾಗಿ ಒಗ್ಗುವ ವಿಷಯವೆಂದು ಓದುತ್ತ ಓದುತ್ತ ನನಗೆ ಮನವರಿಕೆಯಾಗಿದೆ.

ಮೊದಲು ಈ ನದಿಯ ದಾರಿಯನ್ನು ನೋಡೋಣ. ವಿಹಾರ್ ಮತ್ತು ಪವಯಿ ಸರೋವರಗಳು ತುಂಬಿ ಹೊರಚೆಲ್ಲುವ ನೀರೇ ಮಿಠಿಯ ಮೂಲ. ಅಲ್ಲಿಂದ ಸಾಕಿನಾಕಾ, ಕುರ್ಲಾ, ಕಲೀನಾ, ಬಾಂದ್ರಾ-ಕುರ್ಲಾ ಸಂಕೀರ್ಣ, ಧಾರಾವಿಗಳ ಮಗ್ಗುಲಲ್ಲಿ ಸುಮಾರು 18 ಕಿಲೋಮೀಟರು ಹರಿದು ಮಾಹೀಮಿನ ಖಾರಿಯಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ವಿಹಾರ್ ಸರೋವರ ದೇವರು ಕೊಟ್ಟದ್ದಲ್ಲ. ಊರಿಗೆ ಕುಡಿಯುವ ನೀರಿಗಾಗಿ ಈ ನದಿಗೇ ಒಡ್ಡು ಕಟ್ಟಿ 1860ರ ಸುಮಾರಿಗೆ ಅದನ್ನು ಮಾಡಿದರು. ಮುಂಬಯಿಯ ನಲ್ಲಿಗಳಲ್ಲಿ ಮೊದಲು ಬಂದ ನೀರು ಅದೇ. ಈಗ ನಮ್ಮ ನೀರಿನ ಬಹುಭಾಗ ತಾನಸಾ, ವೈತರಣಾ, ಭಾತಸಾಗಳಿಂದ ಬರುತ್ತದೆ ನಿಜ. ಆದರೂ ಈ ಶಹರದ ಮೊದಲ ದಾತೆ ಯಾರೆಂದರೆ ಮಿಠಿ. ಅವಳ ಸಿಹಿನೀರನ್ನು ತಲೆಯಲ್ಲಿಯೇ ತಡೆದು ಕುಡಿದ ಊರು, ಕೆಳಗೆ ಅವಳಿಗೆ ಹಿಂತಿರುಗಿಸಿದ್ದು ಕೊಳಚೆಯನ್ನು. ಮಳೆಗಾಲ ಕಳೆದ ಮೇಲೆ ಸರೋವರದಿಂದ ನೀರು ಹೊರಬೀಳುವುದಿಲ್ಲ. ಆಗ ಈ ಪಾತ್ರದಲ್ಲಿ ಕಾಣುವುದು ಬಹುಮಟ್ಟಿಗೆ ನಾವು ಬಿಟ್ಟದ್ದು ಮತ್ತು ಸಮುದ್ರದ ಭರತದಲ್ಲಿ ಒಳನುಗ್ಗಿದ್ದು.

ಈಗ ಲೆಕ್ಕಕ್ಕೆ ಬರೋಣ. ನದಿಯ ಖಾತೆಯಲ್ಲಿರುವ ಹಣವೆಂದರೆ ನೀರಿನಲ್ಲಿ ಕರಗಿರುವ ಆಮ್ಲಜನಕ. ಮೀನು ಉಸಿರಾಡುವುದು ಅದನ್ನೇ. ನಮ್ಮ ಸೆಕೆಯ ನಾಡಿನಲ್ಲಿ ಒಂದು ಲೀಟರು ಶುದ್ಧ ನೀರಿನಲ್ಲಿ ಅದು ಹೆಚ್ಚೆಂದರೆ ಏಳೆಂಟು ಮಿಲಿಗ್ರಾಂ ಇರುತ್ತದೆ. ಸ್ನಾನಕ್ಕೆ ಯೋಗ್ಯವಾದ ನದಿಯಲ್ಲಿ 5 ಮಿಲಿಗ್ರಾಮಿಗೆ ಕಡಿಮೆಯಿರಬಾರದು, ಮೀನು ಬದುಕಲು 4ಕ್ಕೆ ಕಡಿಮೆಯಿರಬಾರದು ಎಂದು ನಮ್ಮ ದೇಶದ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ. ಗಾಳಿಯಿಂದಲೂ ನೀರುಗಿಡಗಳಿಂದಲೂ ಈ ಖಾತೆಗೆ ಪ್ರತಿ ಗಳಿಗೆಯೂ ಸ್ವಲ್ಪ ಸ್ವಲ್ಪ ಜಮೆಯಾಗುತ್ತಿರುತ್ತದೆ. ಕೊಳೆಯುವ ಪದಾರ್ಥ ನೀರಿಗೆ ಬಿದ್ದಾಗ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದನ್ನು ತಿಂದು ಕರಗಿಸುತ್ತವೆ. ಆ ಕೆಲಸಕ್ಕೆ ಇದೇ ಖಾತೆಯಿಂದ ಆಮ್ಲಜನಕ ಖರ್ಚಾಗುತ್ತದೆ. ಖರ್ಚು ಮಿತಿಯಲ್ಲಿದ್ದರೆ ನದಿ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಹಿಂದಿನವರು ಹರಿಯುವ ನೀರಿಗೆ ಮೈಲಿಗೆಯಿಲ್ಲ ಎಂದು ನಂಬಿದ್ದು ಇದನ್ನು ಕಂಡೇ ಇರಬೇಕು.

ಆದರೆ ಖರ್ಚಿನ ಪ್ರಮಾಣ ನೋಡಿ. ನಮ್ಮ ಮನೆಗಳಿಂದ ಹೊರಡುವ ಒಂದು ಲೀಟರು ಕೊಳಚೆ ಕರಗಲು ಸುಮಾರು 200ರಿಂದ 300 ಮಿಲಿಗ್ರಾಂ ಆಮ್ಲಜನಕ ಬೇಕು. ಅಂದರೆ ಒಂದು ಕೊಡ ಕೊಳಚೆ ಮೂವತ್ತು ಕೊಡ ಒಳ್ಳೆಯ ನೀರಿನ ಉಸಿರನ್ನು ಪೂರ್ತಿಯಾಗಿ ನುಂಗಬಲ್ಲದು. ಮೂವತ್ತು ಕೊಡ ನೀರೇ ಇಲ್ಲದ ನದಿಗೆ ಹಗಲಿರುಳು ಕೊಳಚೆ ಸುರಿದರೆ ಖಾತೆ ಏನಾದೀತು? ಶಿಲ್ಕು ಸೊನ್ನೆ. ಆಮೇಲೆ ಬದುಕುವುದು ಆಮ್ಲಜನಕವಿಲ್ಲದೆ ಬಾಳುವ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು; ಅವು ಹೊರಬಿಡುವ ಗಂಧಕದ ಅನಿಲಕ್ಕೆ ಕೊಳೆತ ಮೊಟ್ಟೆಯ ನಾತ. ಸೇತುವೆಯ ಮೇಲೆ ನಮ್ಮ ಮೂಗಿಗೆ ಬಡಿಯುವುದು ಅದೇ. ನದಿ ದಿವಾಳಿಯೆದ್ದಿದೆ ಎಂದು ಸಾರುವ ನೋಟೀಸು ಅದು.

ತೇಲುವ ಪ್ಲಾಸ್ಟಿಕ್ ಚೀಲಗಳು ನಮ್ಮ ಕಣ್ಣಿಗೆ ಬೀಳುತ್ತವೆ. ರವಿವಾರ ಕೈಗವಸು ತೊಟ್ಟು ಅವುಗಳನ್ನು ಆರಿಸುವ ತರುಣರನ್ನು ನಾನು ಗೌರವಿಸುತ್ತೇನೆ. ಆದರೆ ನದಿಯನ್ನು ಕೊಂದದ್ದು ಕಣ್ಣಿಗೆ ಕಾಣುವ ಕಸವಷ್ಟೇ ಅಲ್ಲ. ಚೀಲಗಳನ್ನೆಲ್ಲ ಎತ್ತಿದರೂ ಕೊಳಚೆಯ ಕೊಳವೆ ತೆರೆದಿರುವವರೆಗೆ ನೀರಿಗೆ ಉಸಿರು ಬಾರದು. ಪ್ರತಿ ಬೇಸಗೆಯಲ್ಲಿಯೂ ಯಂತ್ರ ತಂದು ಹೂಳು ಎತ್ತಿಸುತ್ತಾರೆ. ಮಳೆನೀರು ಹರಿಯಲು ಅದೂ ಬೇಕು. ಆದರೆ ಅದು ವರ್ಷಾವಧಿಯ ಬಡ್ಡಿ ಕಟ್ಟಿದಂತೆ. ಅಸಲು ಹಾಗೆಯೇ ನಿಂತಿರುತ್ತದೆ.

ಈ ಸಾಲವನ್ನು ತೀರಿಸಿದ ಊರುಗಳಿವೆ. ಲಂಡನ್ನಿನ ಥೇಮ್ಸ್ ನದಿಯ ಕತೆ ನಮಗೆ ಪಾಠವಾಗಬಲ್ಲದು. 1858ರ ಬೇಸಗೆಯಲ್ಲಿ ಅದರ ದುರ್ವಾಸನೆ ತಡೆಯಲಾರದೆ ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ಕಟ್ಟಿದರಂತೆ. ನಮ್ಮ ಕರವಸ್ತ್ರದ ಅಣ್ಣ ಅದು! ಮೂಗಿಗೆ ತಟ್ಟಿದ ಕೂಡಲೆ ದೊರೆಗಳಿಗೆ ಬುದ್ಧಿ ಬಂತು. ಬ್ಯಾಜಲ್‌ಗೆಟ್ ಎಂಬ ಇಂಜಿನಿಯರು ದೊಡ್ಡ ಒಳಚರಂಡಿಗಳನ್ನು ಕಟ್ಟಿ ಕೊಳಚೆಯನ್ನು ಊರಿನ ಕೆಳಗಡೆಗೆ ಸಾಗಿಸಿದನು. ಊರು ಕಾಲರಾದಿಂದ ಪಾರಾಯಿತು, ನದಿ ಮಾತ್ರ ಪಾರಾಗಲಿಲ್ಲ. ಏಕೆಂದರೆ ಸಾಲ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ವರ್ಗವಾಯಿತೇ ಹೊರತು ತೀರಲಿಲ್ಲ. 1957ರಲ್ಲಿ ಅಲ್ಲಿಯ ವಿಜ್ಞಾನಿಗಳು ನಗರದೊಳಗಿನ ಥೇಮ್ಸ್ ಸತ್ತ ನದಿಯೆಂದು ಹೇಳಿದರು. ಆಮೇಲೆ, 1960 ಮತ್ತು 70ರ ದಶಕಗಳಲ್ಲಿ, ಬೆಕ್ಟನ್ ಮತ್ತು ಕ್ರಾಸ್‌ನೆಸ್ ಎಂಬಲ್ಲಿಯ ಶುದ್ಧೀಕರಣ ಸ್ಥಾವರಗಳನ್ನು ಹಿಗ್ಗಿಸಿ, ಕೊಳಚೆಯನ್ನು ಸರಿಯಾಗಿ ಶೋಧಿಸಿಯೇ ನದಿಗೆ ಬಿಡತೊಡಗಿದರು. 1974ರಲ್ಲಿ ಸಾಲ್ಮನ್ ಮೀನೊಂದು ಸಿಕ್ಕಿತು. ಸುಮಾರು 140 ವರ್ಷಗಳಿಂದ ಆ ನೀರಿನಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ಯಾರೂ ಹೋಗಿ ಮೀನನ್ನು ಕರೆತರಲಿಲ್ಲ. ಶಿಲ್ಕು ಬೆಳೆಯಿತು, ಮೀನು ತಾನಾಗಿಯೇ ಬಂತು.

ಮಿಠಿಗೆ ಉಸಿರಿನ ಕೊರತೆಯಷ್ಟೇ ಅಲ್ಲ, ಜಾಗದ ಕೊರತೆಯೂ ಇದೆ. ಮಾಹೀಮ್ ಖಾರಿಯ ಮೇಲ್ಗಡೆ ಹಿಂದೆ ವಿಸ್ತಾರವಾದ ಜೌಗು ನೆಲವಿತ್ತು. ಅದನ್ನು ತುಂಬಿಸಿ 1970ರ ದಶಕದಿಂದ ಈಚೆಗೆ ಬಾಂದ್ರಾ-ಕುರ್ಲಾ ಸಂಕೀರ್ಣವನ್ನು ಎಬ್ಬಿಸಿದರು. ನಮ್ಮ ಕಸುಬಿನ ದೊಡ್ಡ ದೊಡ್ಡ ಕಚೇರಿಗಳೆಲ್ಲ ಅಲ್ಲಿಯೇ ಇವೆ! ವಿಮಾನ ನಿಲ್ದಾಣದ ಬಳಿ ನದಿಯನ್ನು ಮುರಿದು ತಿರುಗಿಸಿದ್ದಾರೆ. ನದಿಯ ಜಾಗವನ್ನು ಒತ್ತೆ ಇಟ್ಟು ನಾವು ಉಂಡೆವು. ಒತ್ತೆ ಬಿಡಿಸಲು ಬಂದ ದಿನ 2005ರ ಜುಲೈ 26. ಅಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಸುರಿಯಿತು. ಗಂಟೆಗೆ 25 ಮಿಲಿಮೀಟರು ಮಳೆಗೆಂದು ಕಟ್ಟಿದ ಹಳೆಯ ಕಾಲುವೆಗಳು; ಮೇಲಾಗಿ ಸಮುದ್ರದ ಭರತ. ಕುರ್ಲಾ, ಕಲೀನಾಗಳಲ್ಲಿ ಮನೆಯೊಳಗೆ ನೀರು ಆಳೆತ್ತರ ನಿಂತಿತು. ನೂರಾರು ಜನ ಪ್ರಾಣ ಬಿಟ್ಟರು. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಕೆಲವರು ಆ ರಾತ್ರಿಯನ್ನು ಕಚೇರಿಯ ಮೇಜಿನ ಮೇಲೆ, ಬಸ್ಸಿನ ಚಾವಣಿಯ ಮೇಲೆ ಕಳೆದವರು. ಅವರಿಗೆ ನಾನು ಹೇಳಬೇಕಾದ್ದಿಲ್ಲ.

ಆ ವರ್ಷವೇ ಸರಕಾರ ಮಿಠಿ ನದಿಗಾಗಿ ಒಂದು ಪ್ರಾಧಿಕಾರವನ್ನು ರಚಿಸಿತು. ಪಾತ್ರವನ್ನು ಅಗಲಿಸಿ, ಆಳ ಮಾಡಿ, ಇಕ್ಕೆಲದಲ್ಲಿ ಗೋಡೆ ಎಬ್ಬಿಸಿದರು. ಈಚೆಗೆ ನಾಲೆಗಳ ಕೊಳಚೆಯನ್ನು ಸುರಂಗದ ಮೂಲಕ ಧಾರಾವಿಯ ಶುದ್ಧೀಕರಣ ಕೇಂದ್ರಕ್ಕೆ ಒಯ್ಯುವ ಕೆಲಸವನ್ನೂ ಕೈಗೊಂಡಿದ್ದಾರೆ. ಈ ಎರಡನೆಯದೇ ಅಸಲು ತೀರಿಸುವ ಕೆಲಸ. ನಾಗರಿಕರು ಬೆನ್ನು ಹತ್ತಿ ಕೇಳಬೇಕಾದ್ದೂ ಇದನ್ನೇ. ಗೋಡೆ ನೀರನ್ನು ಬೇಗ ಸಾಗಿಸೀತು, ಆದರೆ ನದಿಗೆ ದಡವೂ ಬೇಕು. ಕರಾವಳಿಯ ನಮ್ಮವರಿಗೆ ಕಾಂಡ್ಲಾ ಗಿಡದ ಪರಿಚಯ ಹೇಳಬೇಕೆ? ಕುಂದಾಪುರದ ಹಿನ್ನೀರಿನಲ್ಲಿ ಬೇರುಗಳನ್ನು ಮೇಲೆತ್ತಿ ಉಸಿರಾಡುತ್ತ ನಿಂತಿರುವ ಆ ಗಿಡಗಳೇ ಮಾಹೀಮ್ ಖಾರಿಯಲ್ಲಿಯೂ ಇವೆ. ಅವು ಅಲೆಯ ಹೊಡೆತ ತಡೆಯುತ್ತವೆ, ಮಣ್ಣು ಹಿಡಿಯುತ್ತವೆ. ಮೀನು ಸಿಗಡಿಗಳ ಮರಿಗೆ ಅವುಗಳ ಬೇರಿನ ಸಂದಿಯೇ ತೊಟ್ಟಿಲು. ಅವುಗಳನ್ನು ಕಡಿಯಬಾರದೆಂದು ಮುಂಬಯಿ ಹೈಕೋರ್ಟು 2005ರಲ್ಲಿಯೂ ಮತ್ತೆ 2018ರಲ್ಲಿಯೂ ಕಟ್ಟಪ್ಪಣೆ ಮಾಡಿದೆ. ಧಾರಾವಿಯ ಅಂಚಿನಲ್ಲಿ, ಇದೇ ನದಿಯ ದಡದಲ್ಲಿ, ಊರಿನ ಕಸ ಸುರಿಯುತ್ತಿದ್ದ 37 ಎಕರೆ ನೆಲವನ್ನು ಕಾಡಾಗಿ ಬೆಳೆಸಿ 1994ರಲ್ಲಿ ಜನರಿಗೆ ತೆರೆದರು. ಅದೇ ಮಹಾರಾಷ್ಟ್ರ ನಿಸರ್ಗ ಉದ್ಯಾನ. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಕಸದ ರಾಶಿ ಕಾಡಾಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

“ನಾವು ಹೊಟ್ಟೆಪಾಡಿಗೆ ಬಂದವರು, ಪರಸ್ಥಳದ ನದಿಯ ಗೊಡವೆ ನಮಗೇಕೆ?” ಎಂದು ಸ್ನೇಹಿತರೊಬ್ಬರು ಕೇಳಿದರು. ನಮ್ಮೂರಿನ ನದಿಗಳೆಲ್ಲ ಚೆನ್ನಾಗಿವೆ ಎಂದು ಹೆಮ್ಮೆ ಪಡುವ ಹಾಗೂ ಇಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿ, ಬಸವಣ್ಣನ ಪಾದದಡಿ ಹುಟ್ಟಿದಳೆಂದು ಜನ ಪೂಜಿಸಿದ ವೃಷಭಾವತಿ, ಇಂದು ನೊರೆ ಕಾರುತ್ತ ಅರ್ಕಾವತಿಯನ್ನು ಸೇರಿ, ಅಲ್ಲಿಂದ ಕಾವೇರಿಗೆ ಹೋಗುತ್ತಾಳೆ. ಕಾವೇರಿಯನ್ನು ಹಾಡುವ ಬಾಯಿ ವೃಷಭಾವತಿಯ ವಿಷಯದಲ್ಲಿ ಸುಮ್ಮನಿದೆ. ಯಾವ ಊರಿನ ಅನ್ನ ಉಣ್ಣುತ್ತೇವೆಯೋ ಆ ಊರಿನ ನದಿಯ ಋಣ ನಮ್ಮ ಮೇಲಿದೆ. ನಮ್ಮ ಮಕ್ಕಳು ಹುಟ್ಟಿ ಬೆಳೆಯುತ್ತಿರುವುದು ಇಲ್ಲಿ. ಅವರಿಗೆ ತವರಿನ ನದಿ ಯಾವುದೆಂದರೆ ಮಿಠಿಯೇ. ಪ್ರವಾಹ ಬಂದ ದಿನ ಅದು ಕನ್ನಡಿಗ, ಮರಾಠಿಗ ಎಂದು ಕೇಳಿಕೊಂಡು ಒಳಗೆ ಬಂದಿತೆ? ದಡದ ಜೋಪಡಿಗಳಲ್ಲಿ ನಮ್ಮ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಸಂಸಾರಗಳೂ ಇವೆ. ಅವರಿಂದಲೇ ನದಿ ಕೆಟ್ಟಿತು ಎನ್ನುವುದು ಸುಲಭ. ಆದರೆ ಅವರಿಗೆ ಶೌಚಾಲಯವನ್ನೂ ಕೊಳವೆಯನ್ನೂ ಒದಗಿಸದ ಊರಿಗೆ ಆ ಮಾತನ್ನಾಡುವ ಹಕ್ಕಿಲ್ಲ.

ನಮ್ಮಿಂದ ಆಗುವುದೇನು? ದೊಡ್ಡ ಮಾತು ಬೇಡ, ಮೂರು ಕೆಲಸ ಹೇಳುತ್ತೇನೆ. ಮೊದಲನೆಯದು: ನಿಮ್ಮ ಹೌಸಿಂಗ್ ಸೊಸೈಟಿಯ ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ, ‘ನಮ್ಮ ಕಟ್ಟಡದ ಮಲಿನ ನೀರು ನಗರಪಾಲಿಕೆಯ ಒಳಚರಂಡಿಗೆ ಸೇರಿದೆಯೋ, ಮಳೆನೀರಿನ ಕಾಲುವೆಗೆ ಸೇರಿದೆಯೋ?’ ಎಂದು. ಮಳೆನೀರಿನ ಕಾಲುವೆಗೆ ಸೇರಿದ್ದರೆ ಅದು ನೇರವಾಗಿ ನದಿಗೆ ಹೋಗುತ್ತದೆ. ಎರಡನೆಯದು ನಮ್ಮ ಹೋಟೆಲು ಉದ್ಯಮದ ಬಂಧುಗಳಿಗೆ: ಬೋಂಡಾ ಕರಿದ ಎಣ್ಣೆ ಮೋರಿಗೆ ಬೀಳದಂತೆ, ಜಿಡ್ಡು ತಡೆಯುವ ತೊಟ್ಟಿಯನ್ನು ಇಡಿಸಿ, ವಾರ ವಾರ ತೆಗೆಸಿ. ಊರಿಗೆ ಇಡ್ಲಿ-ದೋಸೆ ಉಣಿಸಿದ ಹೆಸರು ನಮ್ಮದು. ಊರಿನ ನೀರನ್ನು ಉಳಿಸಿದ ಹೆಸರೂ ನಮ್ಮದಾಗಲಿ. ಮೂರನೆಯದು ನಮ್ಮ ಸಂಘಕ್ಕೆ: ಸಂಘದ ಗಣೇಶ ಹಸಿ ಜೇಡಿಮಣ್ಣಿನವನಾಗಿರಲಿ, ಚಿಕ್ಕವನಾಗಿರಲಿ, ಅವನ ವಿಸರ್ಜನೆ ತೊಟ್ಟಿಯಲ್ಲಾಗಲಿ.

ಈ ಮೂರರಿಂದಲೇ ಮಿಠಿ ಶುದ್ಧಳಾಗುವಳೆಂದು ನಾನು ಹೇಳುವುದಿಲ್ಲ. ಲೆಕ್ಕ ಬಲ್ಲವನು ಹಾಗೆ ಹೇಳಲಾರ. ಬಹುದೊಡ್ಡ ಜಮೆಯನ್ನು ಸರಕಾರ ಮತ್ತು ನಗರಪಾಲಿಕೆಯೇ ಕಟ್ಟಬೇಕು. ಆದರೆ ಬ್ಯಾಂಕಿನಲ್ಲಿ ನಾನು ಕಂಡ ಒಂದು ಸಂಗತಿಯುಂಟು. ತಾನು ಸಣ್ಣ ಕಂತನ್ನಾದರೂ ತಪ್ಪದೆ ಕಟ್ಟುವವನ ಮಾತಿಗೆ ಮ್ಯಾನೇಜರು ಕಿವಿಗೊಡುತ್ತಾನೆ. ನಮ್ಮ ಕಂತನ್ನು ನಾವು ಕಟ್ಟೋಣ. ಆಮೇಲೆ ನಗರಪಾಲಿಕೆಯ ಬಾಗಿಲಿಗೆ ಹೋಗಿ ಅವರ ಕಂತೆಲ್ಲಿ ಎಂದು ಗಟ್ಟಿಯಾಗಿ ಕೇಳೋಣ.