ಯಾಣ: ಮಳೆನೀರು ಕೆತ್ತಿದ ಬಂಡೆಗೆ ಒಂದು ದಿನ

ಉತ್ತರ ಕನ್ನಡದ ಕಡೆ ಹಳೆಯ ಮಾತೊಂದಿದೆ: ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ. ಗೋಕರ್ಣದಲ್ಲಿ ಪೂಜೆಗೆ, ದಕ್ಷಿಣೆಗೆ ಕೈಯಲ್ಲಿ ಕಾಸಿರಬೇಕು. ಯಾಣಕ್ಕಾದರೆ ದಟ್ಟ ಕಾಡಿನಲ್ಲಿ ನಡೆದು ಹೋಗುವ ಎದೆಗಾರಿಕೆ ಬೇಕಿತ್ತು. ಈಗ ವಾಹನಗಳು ಬಂಡೆಗಳ ಹತ್ತಿರಕ್ಕೇ ಹೋಗುತ್ತವೆ, ಆಮೇಲೆ ಸ್ವಲ್ಪ ದೂರ ಕಾಲುದಾರಿ, ಮೆಟ್ಟಿಲು. ಸೊಕ್ಕು ಅಷ್ಟೇನೂ ಬೇಡ. ಆದರೆ ದಾರಿ ಸಲೀಸಾದ ಮೇಲೆ ಬೇರೊಂದು ತೊಂದರೆ ಶುರುವಾಗಿದೆ. ಬೆಳಿಗ್ಗೆ ಗೋಕರ್ಣ, ಮಧ್ಯಾಹ್ನ ಯಾಣ, ಸಂಜೆಗೆ ಮುರ್ಡೇಶ್ವರ ಎಂದು ಪಟ್ಟಿ ಹಿಡಿದು ಬರುವವರು ಬಂಡೆಯೆದುರು ನಿಂತು ಫೋಟೊ ತೆಗೆಸಿಕೊಂಡು ಹಿಂತಿರುಗಿಬಿಡುತ್ತಾರೆ. ಯಾಣಕ್ಕೆ ಒಂದು ಇಡೀ ದಿನ ಕೊಡಿ ಎಂಬುದು ನನ್ನ ಕೋರಿಕೆ. ಆ ದಿನ ಯಾವುದಿರಬೇಕು ಎಂಬುದನ್ನು ಅಲ್ಲಿನ ನೀರನ್ನು ನೋಡಿ ನಿರ್ಧರಿಸಬೇಕು, ಏಕೆಂದರೆ ಆ ಜಾಗವನ್ನು ಮಾಡಿದ್ದೇ ನೀರು.

ಯಾಣದ ದೊಡ್ಡ ಬಂಡೆಗಳು ಎರಡು. ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ, ಮೋಹಿನಿ ಶಿಖರ ಸುಮಾರು 90 ಮೀಟರ್. ಎರಡೂ ಸುಣ್ಣದಕಲ್ಲು. ಸುಣ್ಣ ಎಂದರೆ ಬಿಳಿ, ಇದು ಕಪ್ಪಗಿದೆಯಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಶುದ್ಧವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿಯೇ. ಆದರೆ ನಿಸರ್ಗದಲ್ಲಿ ಸುಣ್ಣದಕಲ್ಲು ಶುದ್ಧವಾಗಿ ಸಿಗುವುದು ಅಪರೂಪ. ಒಳಗೆ ಬೆರೆತ ಖನಿಜಗಳು, ಮೇಲೆ ಹಿಡಿದ ಪಾಚಿ, ಕಲ್ಲುಹೂವು ಸೇರಿ ಅದನ್ನು ಬೂದು, ಕಪ್ಪು ಮಾಡುತ್ತವೆ. ಊರಿನವರ ವಿವರಣೆ ಇನ್ನೂ ಸೊಗಸಾಗಿದೆ: ಮೋಹಿನಿಯ ಕುಣಿತಕ್ಕೆ ಮರುಳಾಗಿ ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡು ಉರಿದದ್ದು ಇಲ್ಲೇ, ಆ ಬೆಂಕಿಗೆ ಕಲ್ಲೂ ಮಣ್ಣೂ ಕಪ್ಪಾದವು.

ಬೆಂಕಿಯ ಕತೆ ಇರುವ ಜಾಗದಲ್ಲಿ ಕೆಲಸ ಮಾಡಿದ್ದು ಮಾತ್ರ ಮಳೆ. ಮಳೆಹನಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕೆಳಗಿಳಿಯುತ್ತದೆ. ಕಾಡಿನ ನೆಲದಲ್ಲಿ ಕೊಳೆಯುವ ಎಲೆ, ಉಸಿರಾಡುವ ಬೇರುಗಳಿಂದ ಅದಕ್ಕೆ ಇನ್ನಷ್ಟು ಸಿಗುತ್ತದೆ. ಹೀಗೆ ಆ ನೀರು ಸೌಮ್ಯವಾದ ಆಮ್ಲವಾಗುತ್ತದೆ, ಸೋಡಾ ನೀರಿನಲ್ಲಿರುವ ಆಮ್ಲವೇ. ಗ್ರಾನೈಟಿಗೆ ಅದರಿಂದ ಬೇಗ ಏನೂ ಆಗದು. ಸುಣ್ಣದಕಲ್ಲು ಮಾತ್ರ ಅದರಲ್ಲಿ ಕರಗುತ್ತದೆ. ಬಿರುಕಿದ್ದ ಕಡೆ ನೀರು ಹೆಚ್ಚು ಇಳಿಯುತ್ತದೆ, ಇಳಿದಷ್ಟೂ ಬಿರುಕು ಅಗಲವಾಗುತ್ತದೆ, ಅಗಲವಾದಷ್ಟೂ ಇನ್ನಷ್ಟು ನೀರು ಬರುತ್ತದೆ. ಲಕ್ಷಾಂತರ ವರ್ಷ ಇದು ನಡೆದರೆ ನಡುವಿನ ಕಲ್ಲು ಕರಗಿಹೋಗಿ, ಗಟ್ಟಿ ಭಾಗ ಗೋಪುರವಾಗಿ ನಿಲ್ಲುತ್ತದೆ, ಕೆಳಗೆ ಗುಹೆಗಳು ಹುಟ್ಟುತ್ತವೆ. ಭೂವಿಜ್ಞಾನಿಗಳು ಇಂಥದ್ದನ್ನು ಕಾರ್ಸ್ಟ್ ಎನ್ನುತ್ತಾರೆ. ಯಾಣದ ಬಂಡೆಗಳ ತುದಿಯನ್ನು ಗಮನಿಸಿ. ಉರುಟಾಗಿಲ್ಲ, ಅಲಗಿನಂತೆ ಹರಿತವಾಗಿದೆ. ಉಜ್ಜಿ ಸವೆದ ಕಲ್ಲು ನುಣುಪಾಗುತ್ತದೆ. ಇದು ಕರಗಿದ ಕಲ್ಲು.

ಹಾಗಿದ್ದರೆ ಮಳೆಗಾಲದಲ್ಲೇ ಹೋಗಬೇಕಲ್ಲವೇ? ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ರಸ್ತೆಗಳಲ್ಲಿ ಗುಡ್ಡ ಕುಸಿಯುವ ಭಯ, ಮೆಟ್ಟಿಲ ಮೇಲೆ ಪಾಚಿ, ಕಾಲಿಗೆ ಉಂಬಳ. ಏಪ್ರಿಲ್, ಮೇ ತಿಂಗಳಲ್ಲಿ ಸೆಕೆ, ನೀರೂ ಬತ್ತಿರುತ್ತದೆ. ಮಳೆ ನಿಂತು ಕಲ್ಲು ಇನ್ನೂ ಒಸರುತ್ತಿರುವ ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ದಿನಗಳೇ ಸರಿ. ಶಿವರಾತ್ರಿಗೆ ಇಲ್ಲಿ ಜಾತ್ರೆ. ಭಕ್ತಿಯಿಂದ ಬರುವವರಿಗೆ ಅದೇ ಸಕಾಲ, ಬಂಡೆ ನೋಡಬೇಕೆನ್ನುವವರು ಬೇರೆ ದಿನ ಹುಡುಕಿಕೊಳ್ಳಲಿ.

ರೈಲಿನಲ್ಲಿ ಬರುವವರು ಕೊಂಕಣ ರೈಲ್ವೆಯ ಕುಮಟಾದಲ್ಲಿ ಇಳಿಯಬಹುದು. ಅಲ್ಲಿಂದ ಯಾಣ ಸುಮಾರು 30 ಕಿಲೋಮೀಟರು, ಶಿರಸಿಯಿಂದ 40ರ ಆಸುಪಾಸು. ಬಸ್ಸನ್ನೇ ನಂಬಿದವರು ಹೋಗುವುದಕ್ಕಿಂತ ಮೊದಲು ಹಿಂದಿರುಗುವ ಬಸ್ಸಿನ ಹೊತ್ತನ್ನು ನಿಲ್ದಾಣದಲ್ಲೇ ಕೇಳಿಕೊಳ್ಳಿ. ಊಟ, ನೀರು ಜೊತೆಗಿರಲಿ. ಮೊಬೈಲಿನ ನಕ್ಷೆಯನ್ನು ಕಾಡಿನಲ್ಲಿ ಪೂರ್ತಿ ನೆಚ್ಚಬೇಡಿ.

ಬೇಗ ಹೊರಡಿ. ಎಂಟೂವರೆ, ಒಂಬತ್ತಕ್ಕೆಲ್ಲ ಬಂಡೆಯ ಬುಡದಲ್ಲಿದ್ದರೆ ಜನಸಂದಣಿ ಇರುವುದಿಲ್ಲ. ಅಲ್ಲಿ ತಲೆಯೆತ್ತಿ ನೋಡಿದರೆ ಕಲ್ಲಿಗೆ ಅಂಟಿಕೊಂಡು ಜೋತುಬಿದ್ದ ಹೆಜ್ಜೇನಿನ ಹುಟ್ಟುಗಳು ಕಾಣುತ್ತವೆ. ಸುಗಂಧ ದ್ರವ್ಯ ಪೂಸಿಕೊಳ್ಳುವುದು, ಬೀಡಿ ಸಿಗರೇಟು ಹಚ್ಚುವುದು, ಪ್ರತಿಧ್ವನಿ ಕೇಳಲೆಂದು ಕೂಗು ಹಾಕುವುದು, ಇದಾವುದೂ ಅಲ್ಲಿ ಸಲ್ಲದು. ಹೆಜ್ಜೇನು ಎದ್ದರೆ ಓಡಲು ಆ ಮೆಟ್ಟಿಲುಗಳಲ್ಲಿ ಜಾಗವಿಲ್ಲ.

ಭೈರವೇಶ್ವರ ಶಿಖರದ ಬುಡದಲ್ಲಿ ಗುಹೆ, ಗುಹೆಯಲ್ಲಿ ಲಿಂಗ. ಮಾಡಿನ ಕಲ್ಲಿನಿಂದ ಲಿಂಗದ ಮೇಲೆ ನೀರು ತೊಟ್ಟಿಕ್ಕುತ್ತದೆ. ಭಕ್ತರಿಗೆ ಅದು ಗಂಗೆ. ನಾನು ಆಗಲೇ ಹೇಳಿದ, ಬಿರುಕಿನಲ್ಲಿ ಇಳಿಯುವ ನೀರೂ ಅದೇ. ಎರಡೂ ಮಾತು ಒಂದರ ಪಕ್ಕ ಒಂದು ಇರಲು ಏನೂ ಅಡ್ಡಿಯಿಲ್ಲ. ದರ್ಶನವಾದ ಮೇಲೆ ಪ್ರದಕ್ಷಿಣೆ ತಪ್ಪಿಸಬೇಡಿ. ಚಪ್ಪಲಿ ಕಳಚಿಟ್ಟು, ಬಂಡೆ ಸೀಳಿದ ಸಂದಿನೊಳಗೇ ಹತ್ತಿ ಇಳಿಯುವ ದಾರಿ ಅದು. ತಲೆಯ ಮೇಲೆ ಬಾವಲಿ, ದೂರದಲ್ಲಿ ಆಕಾಶದ ಒಂದು ತುಂಡು, ಎರಡೂ ಕಡೆ ತಣ್ಣನೆಯ ಗೋಡೆ. ಆ ಗೋಡೆಯನ್ನು ಒಮ್ಮೆ ಕೈಯಿಂದ ಸವರಿ ನೋಡಿ, ನೀರು ಹರಿದ ಗೀರುಗಳು ಬೆರಳಿಗೆ ಸಿಗುತ್ತವೆ. ಮಂಡಿನೋವಿರುವ ಹಿರಿಯರು ಗುಡಿಯೆದುರು ಕುಳಿತಿರುವುದು ಒಳ್ಳೆಯದು.

ಮಧ್ಯಾಹ್ನದ ಮೇಲೆ ಮಾಬಗಿಯ ಹತ್ತಿರದ ವಿಭೂತಿ ಜಲಪಾತಕ್ಕೆ ಹೋಗಬಹುದು, ಯಾಣದಿಂದ ಬಹಳ ದೂರವಿಲ್ಲ. ಅಲ್ಲಿನ ಸುಣ್ಣದಕಲ್ಲಿನಿಂದಲೇ ಆ ಹೆಸರು ಬಂತು ಎನ್ನುತ್ತಾರೆ. ಕೊಳದಲ್ಲಿ ಈಜುವ ಆಸೆಯಿದ್ದರೆ ಮೊದಲು ಸ್ಥಳೀಯರನ್ನು ಕೇಳಿ. ಕತ್ತಲಾಗುವ ಮುಂಚೆ ಕಾಡು ಬಿಟ್ಟುಬಿಡಿ.

ಯಾಣದಲ್ಲಿ ಹುಟ್ಟುವ ಚಂಡಿಹೊಳೆ ಉಪ್ಪಿನಪಟ್ಟಣದ ಬಳಿ ಅಘನಾಶಿನಿಯನ್ನು ಸೇರುತ್ತದೆ. ಬಂಡೆಯಿಂದ ಕರಗಿದ ಸುಣ್ಣವೂ ಅದರೊಂದಿಗೆ ಕಡಲ ಕಡೆಗೆ ಹೊರಡುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿ ಹೇರಳವಾಗಿದೆ. ಅದು ತನ್ನ ಚಿಪ್ಪನ್ನು ಕಟ್ಟಿಕೊಳ್ಳುವುದು ನೀರಿನಲ್ಲಿ ಕರಗಿದ ಕ್ಯಾಲ್ಸಿಯಂನಿಂದ. ಆ ಚಿಪ್ಪನ್ನು ತೆಗೆದು ಸುಟ್ಟು ಸುಣ್ಣ ಮಾಡುವುದೂ ಈ ಕರಾವಳಿಯ ಹಳೆಯ ಕಸುಬು. ಮೀನೂಟ ಮಾಡುವವರು ಸಂಜೆ ಕುಮಟಾಕ್ಕೆ ಮರಳಿದಾಗ ಖಾನಾವಳಿಯಲ್ಲಿ ಬಳಚಿನ ಪದಾರ್ಥ ಇದೆಯೇ ಎಂದು ಕೇಳಬಹುದು. ಉಳಿದವರು ಊಟದ ನಂತರ ಎಲೆಯಡಿಕೆ ಹಾಕಿಕೊಳ್ಳಲಿ, ಸುಣ್ಣ ಅಲ್ಲೂ ಇದೆ.