ಅನುಮತಿ ಕೊಟ್ಟ ಮೇಲೆ



ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ ಟರವೆರಾ ಎಂಬ ನದಿಯಿದೆ. 1950ರ ದಶಕದಲ್ಲಿ ಅದರ ದಡದ ಕವೆರಾವು ಊರಿನಲ್ಲಿ ದೊಡ್ಡದೊಂದು ಕಾಗದದ ಕಾರ್ಖಾನೆ ಎದ್ದಿತು. ಅದರ ಹೊಲಸು ನೀರನ್ನು ನದಿಗೆ ಬಿಡಲು 1954ರಲ್ಲಿ ಸಂಸತ್ತೇ ಒಂದು ವಿಶೇಷ ಕಾಯ್ದೆ ಮಾಡಿ ದಾರಿ ಮಾಡಿಕೊಟ್ಟಿತು. ನದಿಯ ಕೆಳಹರಿವು ಕಪ್ಪಾಯಿತು, ಜನ ಅದನ್ನು ಕರಿ ಚರಂಡಿ ಎಂದು ಕರೆದರು. ಕಳ್ಳತನದಲ್ಲಿ ಕೆಡಿಸಿದ್ದಲ್ಲ, ಎಲ್ಲವೂ ಕಾನೂನುಬದ್ಧ!

ಆ ಕಾಲಕ್ಕೆ ನದಿಯೆಂದರೆ ಅಲ್ಲಿನವರಿಗೆ ನೆನಪಾಗುತ್ತಿದ್ದದ್ದು ಪ್ರವಾಹ. 1938ರಲ್ಲಿ ಎಸ್ಕ್ ಕಣಿವೆಯ ಹೊಲಗಳನ್ನು ನೆರೆಯ ಹೂಳು ಮುಚ್ಚಿಹಾಕಿತ್ತು. 1941ರಲ್ಲಿ ಮಣ್ಣಿನ ಸವಕಳಿ ಮತ್ತು ನದಿ ನಿಯಂತ್ರಣದ ಕಾಯ್ದೆ ಬಂತು, ಜಲಾನಯನ ಮಂಡಳಿಗಳು ಹುಟ್ಟಿದವು. 1967ರ ಕಾಯ್ದೆ ಇನ್ನೂ ಮುಂದೆ ಹೋಗಿ, ನೀರೆತ್ತುವ, ಕಟ್ಟೆ ಹಾಕುವ, ಕೊಳಕು ಬಿಡುವ ಹಕ್ಕೆಲ್ಲ ಸರ್ಕಾರದ್ದು, ಬೇಕಾದವರು ಕೇಳಿ ಪಡೆಯಬೇಕು ಎಂದಿತು.

1989ರಲ್ಲಿ ನೂರಾರು ಚಿಕ್ಕಪುಟ್ಟ ಸ್ಥಳೀಯ ಸಂಸ್ಥೆಗಳನ್ನು ಒಟ್ಟುಗೂಡಿಸಿ ಪ್ರಾದೇಶಿಕ ಮಂಡಳಿಗಳನ್ನು ಕಟ್ಟಿದರು. ಅವುಗಳ ಗಡಿಯನ್ನು ಬಹುಮಟ್ಟಿಗೆ ನದಿಗಳ ಜಲಾನಯನ ನೋಡಿಯೇ ಎಳೆದದ್ದು ನನಗೆ ತುಂಬ ಹಿಡಿಸುವ ಸಂಗತಿ. ನಮ್ಮಲ್ಲಿ ಕಾರ್ಖಾನೆಗಳಿಗೆ ಸಮ್ಮತಿ ಕೊಡುವುದು 1974ರ ಜಲ ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಕಾವೇರಿ ಗಡಿ ದಾಟಿದರೆ ಕಡತ ಬೇರೆ ರಾಜ್ಯದ್ದು.

ನ್ಯೂಜಿಲೆಂಡಿನಲ್ಲಿ 1991ರಲ್ಲಿ ಸಂಪನ್ಮೂಲ ನಿರ್ವಹಣಾ ಕಾಯ್ದೆ ಬಂತು. ಲೇಬರ್ ಪಕ್ಷದ ಜೆಫ್ರಿ ಪಾಮರ್ ಆರಂಭಿಸಿದ ಕೆಲಸವನ್ನು ಎದುರು ಪಕ್ಷದ ಸೈಮನ್ ಅಪ್ಟನ್ ಮುಗಿಸಿದರು. 50ಕ್ಕೂ ಹೆಚ್ಚು ಹಳೆಯ ಕಾನೂನುಗಳ ಜಾಗಕ್ಕೆ ಒಂದೇ ಕಾಯ್ದೆ. ಜಮೀನಿನ ಬಳಕೆಗೆ, ನಿಯಮ ತಡೆಯದಿದ್ದರೆ, ಅಡ್ಡಿಯಿಲ್ಲ. ನೀರಿಗೆ ಹಾಗಲ್ಲ. ನಿಯಮದಲ್ಲಿ ಅವಕಾಶವಿಲ್ಲದಿದ್ದರೆ ನೀರೆತ್ತಲು, ಹೊಲಸು ಬಿಡಲು ಮಂಡಳಿಯ ಅನುಮತಿ ಬೇಕು. ಅದರ ಅವಧಿ ಹೆಚ್ಚೆಂದರೆ 35 ವರ್ಷ. ಒಟಾಗೊ ಪ್ರದೇಶದಲ್ಲಿ ಹತ್ತೊಂಬತ್ತನೇ ಶತಮಾನದ ಚಿನ್ನದ ಗಣಿಗಾರರು ಕಾಲುವೆ ತೋಡಲು ಪಡೆದಿದ್ದ ಹಕ್ಕುಗಳು ಮುಂದೆ ರೈತರ ನೀರಾವರಿಗೆ ಒದಗಿದ್ದವು. ಅವಕ್ಕೂ ಈ ಕಾಯ್ದೆ 30 ವರ್ಷದ ಗಡುವು ಹಾಕಿತು. 2021ರ ಅಕ್ಟೋಬರ್ 1ಕ್ಕೆ ಅವು ತೀರಿದವು.

ಕಾಯ್ದೆಗೆ ನಿಜವಾದ ಪರೀಕ್ಷೆ ಒಡ್ಡಿದ್ದು ಹೈನುಗಾರಿಕೆ. ಹಸುಗಳ ಸಂಖ್ಯೆ ಏರುತ್ತ ಹೋಯಿತು. ಕೊಟ್ಟಿಗೆ ತೊಳೆದ ನೀರನ್ನು ಪೈಪಿನ ಬಾಯಲ್ಲಿ ಹಿಡಿದು ಅಳೆಯಬಹುದು. ಹುಲ್ಲುಗಾವಲಿನ ಗಂಜಲದಿಂದ ನೆಲಕ್ಕಿಳಿಯುವ ಸಾರಜನಕಕ್ಕೆ ಬಾಯಿ ಎಲ್ಲಿದೆ? ಒಂದೊಂದು ಅರ್ಜಿಯೂ ಬಿಡಿಯಾಗಿ ನೋಡಿದರೆ ನಿರುಪದ್ರವಿ, ನದಿಗೆ ಬೀಳುವುದು ಎಲ್ಲದರ ಒಟ್ಟು ಭಾರ. ಟೌಪೊ ಸರೋವರದ ಸುತ್ತ ಕೊನೆಗೆ ಪ್ರತಿ ಜಮೀನಿನ ಸಾರಜನಕಕ್ಕೂ ಮಿತಿ ಹಾಕಬೇಕಾಯಿತು.

ಇಷ್ಟೆಲ್ಲ ಷರತ್ತು ಬರೆದರೂ ಅವನ್ನು ಪಾಲಿಸುತ್ತಿದ್ದಾರೆಯೇ ಎಂದು ಹೋಗಿ ನೋಡುವವರು ಯಾರು? ಅದೂ ಮಂಡಳಿಯದೇ ಕೆಲಸ. ತಪಾಸಕರು ಹೊಲಕ್ಕೆ ಹೋಗುತ್ತಾರೆ, ನೀರಿನ ಮಾದರಿ ತೆಗೆಯುತ್ತಾರೆ, ತಪ್ಪಿದ್ದರೆ ನೋಟಿಸು, ದಂಡ, ಕೊನೆಗೆ ನ್ಯಾಯಾಲಯ. ಸೆಕೆಂಡಿಗೆ 5 ಲೀಟರ್ ಅಥವಾ ಹೆಚ್ಚು ನೀರೆತ್ತುವ ಅನುಮತಿಯಿದ್ದವರು ಲೆಕ್ಕ ಇಡಬೇಕೆಂಬ ನಿಯಮ ಬಂದದ್ದೇ 2010ರಲ್ಲಿ. ಅಲ್ಲಿಯವರೆಗೆ ಎಷ್ಟೋ ಕಡೆ ರೈತರ ಮಾತೇ ಮೀಟರು.

2016ರ ಆಗಸ್ಟಿನಲ್ಲಿ ಹ್ಯಾವ್‌ಲಾಕ್ ನಾರ್ತ್ ಎಂಬ ಊರಿನ ನಲ್ಲಿ ನೀರು ಕುಡಿದು 5,000ಕ್ಕೂ ಹೆಚ್ಚು ಜನ ಹೊಟ್ಟೆ ಕೆಟ್ಟು ಮಲಗಿದರು. ಊರಿನ ಜನಸಂಖ್ಯೆ ಸುಮಾರು 14,000. ಜೋರು ಮಳೆಗೆ ಪಕ್ಕದ ಹೊಲದ ಕುರಿ ಹಿಕ್ಕೆ ಕೊಳಕ್ಕೆ ಹರಿದು, ಅಲ್ಲಿಂದ ಕೊಳವೆಬಾವಿಗೆ ಸೇರಿತ್ತು. ನೀರು ಸರಬರಾಜು ಮಾಡುತ್ತಿದ್ದದ್ದು ಜಿಲ್ಲಾ ಮಂಡಳಿ; ಅದಕ್ಕೆ ಅನುಮತಿ ಕೊಟ್ಟದ್ದು ಹಾಕ್ಸ್ ಬೇ ಪ್ರಾದೇಶಿಕ ಮಂಡಳಿ. ಪ್ರಾದೇಶಿಕ ಮಂಡಳಿ ಮೊದಲು ಜಿಲ್ಲಾ ಮಂಡಳಿಯ ಮೇಲೆ ಮೊಕದ್ದಮೆ ಹೂಡಿ, ಆಮೇಲೆ ಹಿಂತೆಗೆದುಕೊಂಡಿತು. ಸರ್ಕಾರಿ ತನಿಖೆ ಇಬ್ಬರನ್ನೂ ಬಿಡಲಿಲ್ಲ. ಅನುಮತಿಯ ಷರತ್ತುಗಳ ಮೇಲೆ ಕಣ್ಣಿಡುವುದರಲ್ಲಿ ಪ್ರಾದೇಶಿಕ ಮಂಡಳಿ ಸೋತಿದೆ ಎಂದು ಅದು ಹೇಳಿತು.

2023ರಲ್ಲಿ ಹಳೆಯ ಕಾಯ್ದೆಯ ಬದಲು ಎರಡು ಹೊಸ ಕಾಯ್ದೆಗಳು ಅಂಗೀಕಾರವಾದವು. ಚುನಾವಣೆಯಲ್ಲಿ ಸರ್ಕಾರ ಬದಲಾಗಿ, ಅದೇ ಡಿಸೆಂಬರಿನಲ್ಲಿ ಎರಡೂ ರದ್ದಾದವು. ಅದರ ನಡುವೆಯೂ ಹೊಲಕ್ಕೆ ಹೋಗಿ ನೀರಿನ ಮಾದರಿ ತರುವ ಕೆಲಸ ಪ್ರಾದೇಶಿಕ ಮಂಡಳಿಗಳಲ್ಲೇ ಉಳಿಯಿತು.