ತುಳಸಜ್ಜಿಯ ಕಣ್ಣು



ಇವತ್ತು ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಹೆಸರು ತುಳಸಿ ಗೌಡ. ಊರು ಉತ್ತರ ಕನ್ನಡ ಜಿಲ್ಲೆ, ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿ. ಹಾಲಕ್ಕಿ ಒಕ್ಕಲಿಗರ ಬಡ ಮನೆ. ಕೂಸಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ನರ್ಸರಿಗೆ, ಅಂದರೆ ಸಸಿ ಬೆಳೆಸುವ ತೋಟಕ್ಕೆ, ಕೂಲಿಗೆ ಹೋಗುತ್ತಿದ್ದರು. ಮಗಳೂ ತಾಯಿಯ ಸೆರಗು ಹಿಡಿದು ಹೋದಳು. ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಸಸಿ ಬೆಳೆಸೋದು ಏನು ಮಹಾ ಅಂತೀರಾ? ಕೇಳಿ. ಕಾಡಿನಲ್ಲಿ ಒಂದೇ ಜಾತಿಯ ನೂರು ಮರ ಇರುತ್ತವೆ. ಎಲ್ಲದರ ಬೀಜವೂ ಒಂದೇ ಥರ ಮೊಳೆಯೋದಿಲ್ಲ. ಯಾವ ಮರ ಗಟ್ಟಿ, ಯಾವುದಕ್ಕೆ ರೋಗ ಇಲ್ಲ, ಯಾವುದು ನೆಟ್ಟಗೆ ಬೆಳೆದಿದೆ ಎಂದು ನೋಡಬೇಕು. ಅದೇ ತಾಯಿಮರ. ಬೀಜ ಬಲಿತ ಮೇಲೆ, ಹುಳ ಹಿಡಿಯುವ ಮೊದಲು ಆರಿಸಬೇಕು. ತೇಗದ ಬೀಜದ ಸಿಪ್ಪೆ ಬಲು ಗಟ್ಟಿ. ಅದನ್ನು ನೆನೆಸಬೇಕು, ಬಿಸಿಲಿಗೆ ಹರವಬೇಕು, ಮತ್ತೆ ನೆನೆಸಬೇಕು. ನಾವು ಅವರೆ ಬೀಜಕ್ಕೆ ಅಂತ ಒಳ್ಳೆ ಕಾಯಿ ನೋಡಿ ಗಿಡದಲ್ಲೇ ಬಿಡೋದಿಲ್ಲವೇ? ಹಾಗೇ. ತುಳಸಜ್ಜಿಗೆ ತಾಯಿಮರ ಗುರುತಿಸುವ ಕಣ್ಣಿತ್ತು. ಓದಿದ ಅಧಿಕಾರಿಗಳೂ ಅದನ್ನು ಮೆಚ್ಚಿಕೊಂಡರು.

ಆದರೆ ಕೂಲಿ? ಸುಮಾರು 35 ವರ್ಷ ದಿನಗೂಲಿ. ಆಮೇಲೆ ಕೆಲಸ ಕಾಯಂ ಆಯಿತು. ಇಷ್ಟು ತಿಳಿದವರಿಗೆ ಇಷ್ಟು ತಡವೇ? ನನಗಂತೂ ಸರಿ ಕಾಣೋದಿಲ್ಲ. ಹಿರಿಯರ ದುಡಿಮೆ ಹೊಗಳುವಾಗ ಇದನ್ನೂ ಹೇಳಬೇಕು. 2021ರಲ್ಲಿ ದೆಹಲಿಯಲ್ಲಿ ರಾಷ್ಟ್ರಪತಿಗಳು ಪದ್ಮಶ್ರೀ ಕೊಟ್ಟರು. ಅಜ್ಜಿ ಬರಿಗಾಲಿನಲ್ಲಿ, ತಮ್ಮ ಜನರ ಉಡುಗೆಯಲ್ಲಿ, ಕೊರಳ ತುಂಬ ಮಣಿಸರ ಹಾಕಿ ಹೋಗಿದ್ದರು. 2024ರ ಡಿಸೆಂಬರ್ 16ರಂದು ತೀರಿಕೊಂಡರು.

ಇದನ್ನು ಕೇಳಿ ನಮ್ಮ ಕೇಂದ್ರದ ಒಬ್ಬ ಅಕ್ಕ ಅಂದರು, “ಟೀಚರ್, ಆ ಅಜ್ಜಿ ಓದಲಿಲ್ಲ. ಆದರೂ ಪದ್ಮಶ್ರೀ ಬಂತು. ನಮಗ್ಯಾಕೆ ಈ ಸ್ಲೇಟು?” ಎಲ್ಲರೂ ನಕ್ಕರು. ಪ್ರಶ್ನೆ ಚೆನ್ನಾಗಿಯೇ ಇತ್ತು.

ಅಕ್ಕಾ, ಅಜ್ಜಿಯ ತಲೆಯಲ್ಲಿ ಒಂದು ಪುಸ್ತಕವೇ ಇತ್ತು. ಹತ್ತಿರ ನಿಂತು ನೋಡಿದವರಿಗೆ ಅಷ್ಟೋ ಇಷ್ಟೋ ಸಿಕ್ಕಿರಬಹುದು. ಉಳಿದದ್ದು ಅವರ ಜೊತೆಗೇ ಹೋಗಿರಬೇಕು. ನಿಮ್ಮ ಅತ್ತೆಗೆ, ಅಜ್ಜಿಗೆ ಗೊತ್ತಿರೋದೂ ಹಾಗೇ. ಯಾವ ಮಳೆಗೆ ಯಾವ ಬಿತ್ತನೆ, ಕಾಳಿಗೆ ಹುಳ ಬೀಳದಂತೆ ಏನು ಹಾಕಬೇಕು, ಇವೆಲ್ಲ ಯಾರ ಬಳಿ ಬರೆದಿದೆ? ಇನ್ನೊಂದು ಮಾತು. ಕೂಲಿಗೆ ಹೋಗುವವರು ಹಾಜರಿ ಪಟ್ಟಿ ತಾವೇ ಓದಿಕೊಂಡರೆ, ಒಂದು ದಿನ ಕಡಿಮೆ ಬರೆಯಲು ಮೇಸ್ತ್ರಿಯೂ ಹಿಂಜರಿಯುತ್ತಾನೆ.

ಮೊಮ್ಮಕ್ಕಳು ಪೇಟೆಯಲ್ಲಿ ಕೆಲಸ ಹಿಡಿದ ಮೇಲೆ ‘ನಮ್ಮಜ್ಜಿ ಹೆಬ್ಬೆಟ್ಟು’ ಎನ್ನಲು ನಾಚುತ್ತಾರೆ. ಅವರ ಶಾಲೆಯ ಫೀಸು ಯಾರ ಬೆನ್ನ ಬೆವರಿನಿಂದ ಬಂತು ಅಂತ ನೀವಾದರೂ ಹೇಳಿ.

ನಾಳೆ ಬರುವಾಗ ಮನೆಯ ಹಿರಿಯರನ್ನು ಕೇಳಿ, ಅವರಿಗೆ ಗೊತ್ತಿರುವ ಒಂದು ಕೆಲಸದ ಗುಟ್ಟು ಬರೆದುಕೊಂಡು ಬನ್ನಿ. ಎರಡು ಸಾಲು ಸಾಕು. ಒತ್ತಕ್ಷರ ತಪ್ಪಿದರೆ ಇಲ್ಲಿ ತಿದ್ದೋಣ. ಕೆಳಗೆ ಹೇಳಿದವರ ಹೆಸರು ಇರಲಿ, ಬರೆದ ನಿಮ್ಮ ಹೆಸರೂ ಇರಲಿ.